ಘಟ್ಟ ಹತ್ತಿದ ಮೀನು

ಕೊಡಗಿನ ಊಟದ ಬಗ್ಗೆ ಬರೆಯುವವರು ಪಂದಿಕರಿ, ಕಡಂಬುಟ್ಟು, ಕಣಿಲೆಗಳ ಹತ್ತಿರ ನಿಲ್ಲುತ್ತಾರೆ. ಮೀನಿನ ಮಾತು ಬಂದರೂ ಅದು ಹೊಳೆಮೀನಿನ, ಗದ್ದೆಯ ಏಡಿಯ ಮಾತು. ಸಮುದ್ರದ ಮೀನು ಆ ಪಟ್ಟಿಯಲ್ಲಿ ಕಾಣಿಸುವುದು ಅಪರೂಪ. ಭಾಗಮಂಡಲದಿಂದ ಪಶ್ಚಿಮಕ್ಕೆ ಇಳಿಯುತ್ತ ಕರಿಕೆಗೆ ಬಂದರೆ ಈ ಪಟ್ಟಿ ಸಾಲುವುದಿಲ್ಲ. ಇಲ್ಲಿನ ಹಳ್ಳಗಳು ಕಾವೇರಿಯನ್ನು ಸೇರದೆ ಅರಬ್ಬೀ ಸಮುದ್ರದ ಕಡೆಗೆ ಹರಿಯುತ್ತವೆ. ರಸ್ತೆಯೂ ಹಾಗೆಯೇ, ಗಡಿ ದಾಟಿ ಪಾಣತ್ತೂರಿನ ಮೂಲಕ ಕಾಞಂಗಾಡಿಗೆ ಇಳಿಯುತ್ತದೆ. ಅರೆಭಾಷೆ, ಕನ್ನಡ, ಮಲಯಾಳಗಳು ಬೆರೆತ ಈ ಊರಲ್ಲಿ ಭೂತಾಯಿಗೆ ಮತ್ತಿ ಎಂದೂ ಬಂಗುಡೆಗೆ ಅಯಲ ಎಂದೂ ಹೆಸರು ಕೇಳುತ್ತದೆ.

ಕರಾವಳಿ ಮತ್ತು ಕೊಡಗಿನ ನಡುವಿನ ಸರಕು ಸಾಗಣೆ ನನ್ನ ಪಿಎಚ್.ಡಿ. ವಿಷಯ. ಏಲಕ್ಕಿ, ಮೆಣಸು, ಅಕ್ಕಿ, ಉಪ್ಪುಗಳ ಬಗ್ಗೆ ಓದುತ್ತ ಹೋದಂತೆ ನನ್ನನ್ನು ಕಾಡಿದ್ದು ಒಂದು ಸರಳ ಪ್ರಶ್ನೆ: ಮಂಜುಗಡ್ಡೆ ಇಲ್ಲದ ಕಾಲದಲ್ಲಿ ಯಾವ ಮೀನು ಘಟ್ಟ ಹತ್ತಲು ಸಾಧ್ಯವಿತ್ತು?

ನಮ್ಮ ಸೆಕೆಗೆ ಹಸಿ ಮೀನು ಒಂದು ದಿನವೂ ತಾಳುವುದಿಲ್ಲ. ತಲೆಹೊರೆಯಲ್ಲಿ, ಎತ್ತಿನ ಬೆನ್ನ ಮೇಲೆ ಬರಬೇಕಾದ ಮೀನು ಒಣಗಿರಲೇಬೇಕು. ಆದರೆ ಎಲ್ಲ ಮೀನೂ ಒಂದೇ ಥರ ಒಣಗುವುದಿಲ್ಲ. ಭೂತಾಯಿಯಂಥ ಎಣ್ಣೆ ಮೀನಿನ ಕೊಬ್ಬು ಗಾಳಿ ತಗುಲಿ ಬೇಗ ಕಮಟುತ್ತದೆ. ನಂಗು, ತಾಟೆಯಂಥ ಬಿಳಿ ಮಾಂಸದ ಮೀನುಗಳಲ್ಲಿ ಕೊಬ್ಬು ಕಡಿಮೆ. ಅವು ಒಣಗಿದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತವೆ. ನಾರ್ವೆಯವರು ಕಾಡ್ ಮೀನನ್ನು ಉಪ್ಪೂ ಹಾಕದೆ ಚಳಿಗಾಳಿಯಲ್ಲಿ ಒಣಗಿಸಿ ಯುರೋಪಿಗೆಲ್ಲ ಮಾರಿದ್ದೂ ಇದೇ ಗುಣದಿಂದ. ನಮ್ಮ ಕರಾವಳಿಯ ತೇವದ ಗಾಳಿಗೆ ಆ ಸೌಲಭ್ಯ ಇಲ್ಲ. ಇಲ್ಲಿ ಉಪ್ಪು ಬೇಕು.

ಉಪ್ಪು ಎಂದೊಡನೆ ರಾಜಕೀಯ ಶುರುವಾಗುತ್ತದೆ. 1834ರಲ್ಲಿ ಕೊಡಗು ಕಂಪನಿಯ ವಶವಾಯಿತು; ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. 1837ರ ಅಮರ ಸುಳ್ಯದ ಬಂಡಾಯಕ್ಕೆ ಕಾರಣ ಹೇಳುವಾಗ ನಗದು ಕಂದಾಯದ ಜೊತೆಗೆ ಉಪ್ಪು ಮತ್ತು ಹೊಗೆಸೊಪ್ಪಿನ ಮೇಲಿನ ಸರ್ಕಾರಿ ಏಕಸ್ವಾಮ್ಯವನ್ನೂ ಇತಿಹಾಸಕಾರರು ಹೆಸರಿಸುತ್ತಾರೆ. ಉಪ್ಪು ತುಟ್ಟಿಯಾದರೆ ಮೀನೂ ಕೆಡುತ್ತದೆ. ಫ್ರಾನ್ಸಿಸ್ ಡೇ 1873ರಲ್ಲಿ ಪ್ರಕಟಿಸಿದ ಸಮುದ್ರ ಮೀನುಗಾರಿಕೆಯ ವರದಿ ಈ ಸಂಬಂಧವನ್ನು ಸರ್ಕಾರದ ಮುಂದಿಟ್ಟಿತು: ತೆರಿಗೆ ಹೊತ್ತ ಉಪ್ಪನ್ನು ಕೊಳ್ಳಲಾಗದ ಮೀನುಗಾರರು ಉಪ್ಪುಮಣ್ಣನ್ನೇ ಬಳಸುತ್ತಿದ್ದರು. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಕರಾವಳಿಯಲ್ಲಿ ಮೀನು ಉಪ್ಪಿಡುವ ಸರ್ಕಾರಿ ಅಂಗಳಗಳು ತೆರೆದವು. ಬೇಲಿಯೊಳಗೆ ಸುಂಕವಿಲ್ಲದ ಉಪ್ಪು, ಹೊರಗೆ ಸುಂಕದ ಉಪ್ಪು. ಉಪ್ಪಿನ ತೆರಿಗೆ ಪೂರ್ತಿ ಹೋದದ್ದು 1947ರಲ್ಲಿ. ಗುಡ್ಡದ ಮನೆಯ ಗಂಜಿಗೆ ಒಂದು ತುಂಡು ಒಣಮೀನು ಸಿಗುವುದೂ ಸಿಗದಿರುವುದೂ ಇಂಥ ತೀರ್ಮಾನಗಳಿಗೆ ಅಂಟಿಕೊಂಡಿತ್ತು.

ಇನ್ನೊಂದು ವಿದ್ಯೆಗೆ ಕಾಡಿನ ಕೈ ಬೇಕಿತ್ತು. ದಕ್ಷಿಣ ಕನ್ನಡ, ಮಲಬಾರಿನಲ್ಲಿ 'ಕೊಲಂಬೊ' ಪದ್ಧತಿ ಎಂದು ಕರೆಯುತ್ತಿದ್ದ ಕ್ರಮದಲ್ಲಿ ಬಂಗುಡೆಯ ಕರುಳು ತೆಗೆದು, ಮೂರು ಪಾಲು ಮೀನಿಗೆ ಒಂದು ಪಾಲಿನಷ್ಟು ಉಪ್ಪು ಬೆರೆಸಿ, ಹೊಟ್ಟೆಯೊಳಗೆ ಒಣಗಿದ ಹುಳಿಯ ಸಿಪ್ಪೆ ಇಟ್ಟು, ಉಪ್ಪುನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಮರದ ಪೀಪಾಯಿಗಳಲ್ಲಿ ಅದು ಸಿಂಹಳಕ್ಕೆ ಹೋಗುತ್ತಿತ್ತು. ಆ ಹುಳಿ ಮಲಯಾಳದ ಕೊಡಂಪುಳಿ. ಅದೇ ಹಣ್ಣಿನ ರಸವನ್ನು ಕುದಿಸಿ ಕಪ್ಪಗೆ ಇಳಿಸಿದರೆ ಕೊಡಗಿನ ಕಾಚಂಪುಳಿ. ಹುಳಿ ಹೆಚ್ಚಾದಲ್ಲಿ ಮೀನು ಕೆಡಿಸುವ ಜೀವಾಣುಗಳು ಬೆಳೆಯಲಾರವು. ನಾವು ಹಂದಿ ಮಾಂಸದ ಜೊತೆಗಷ್ಟೇ ನೆನೆಯುವ ಈ ಹಣ್ಣು ಒಂದು ಕಾಲದಲ್ಲಿ ಸಮುದ್ರದ ಮೀನನ್ನೂ ಕಾದಿತ್ತು.

ಕರಿಕೆಯ ಮಳೆಗಾಲ ದೀರ್ಘ. ಹಳೆಯ ಅಡುಗೆಮನೆಗಳಲ್ಲಿ ಒಣಮೀನಿಗೆ ಒಲೆಯ ಮೇಲಿನ ಅಟ್ಟವೇ ಜಾಗ. ಹೊಗೆ ಮತ್ತು ಬಿಸಿ ತೇವವನ್ನು ದೂರ ಇಡುತ್ತವೆ. ಬೇಕಾದಾಗ ಬಿಸಿನೀರಿನಲ್ಲಿ ತೊಳೆದು ಉಪ್ಪು ಇಳಿಸಿ, ಕೆಂಡದ ಮೇಲೆ ಸುಟ್ಟು, ತೆಂಗಿನಕಾಯಿ, ಒಣಮೆಣಸಿನ ಜೊತೆ ಅರೆದರೆ ಚಟ್ನಿ. ಮಳೆಗಾಲದಲ್ಲಿ ಹೊಸ ಮೀನು ಕಡಿಮೆ ಎಂಬುದು ಇಂದಿಗೂ ನಿಜ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ.

ಮಂಜುಗಡ್ಡೆ ಬಂದ ಮೇಲೆ ಲೆಕ್ಕ ಬದಲಾಯಿತು. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಯ ಒಪ್ಪಂದದಿಂದ ಕೊಲ್ಲಂ ಬಳಿ ಶುರುವಾದ ಯೋಜನೆ ಯಂತ್ರದೋಣಿ, ಮಂಜುಗಡ್ಡೆ, ಶೀತಲಗೃಹಗಳನ್ನು ತಂದಿತು. ಮುಂದೆ ಅದು ಕಾರವಾರಕ್ಕೂ ಬಂತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ, ಕರಿಕೆಯ ಮೀನು ಕೇರಳದ್ದಾಯಿತು. ರಾಜ್ಯ ಬೇರೆಯಾದರೂ ದಾರಿ ಅದೇ ಉಳಿಯಿತು. ವಾಹನದ ಪೆಟ್ಟಿಗೆಯಲ್ಲಿ ಹಸಿ ಮತ್ತಿ, ಅಯಲ ಮೇಲೆ ಬಂದವು. ಈಗ ಪೇಟೆಯ ಫ್ರೀಜರಿನಲ್ಲಿ ಚರ್ಮ ಸುಲಿದ, ಮುಳ್ಳಿಲ್ಲದ ಬಾಸಾ ಹೋಳುಗಳಿವೆ. ಅದು ವಿಯೆಟ್ನಾಮಿನ ಮೆಕಾಂಗ್ ನದೀಮುಖದಿಂದ ಲೋಕಕ್ಕೆಲ್ಲ ಹರಡಿದ ಸಿಹಿನೀರಿನ ಸಾಕುಮೀನು.

ಮುಳ್ಳಿಗೆ ಹೆದರುವ ಮಕ್ಕಳಿಗೆ, ವಯಸ್ಸಾದವರಿಗೆ ಈ ಬಿಳಿ ಹೋಳು ಅನುಕೂಲವೇ. ಅರಿಸಿನ, ಖಾರ, ನಾಲ್ಕು ಹನಿ ಕಾಚಂಪುಳಿ ಹಚ್ಚಿ ಹತ್ತು ನಿಮಿಷ ಬಿಟ್ಟು ಹುರಿದರೆ ಸಾಕು. ಹುಳಿಯಲ್ಲಿ ಹೆಚ್ಚು ಹೊತ್ತು ನೆನೆದರೆ ಮಾಂಸ ಬಿರುಸಾಗುತ್ತದೆ. ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಬೇಕು. ಮರ ಬಿದ್ದು ಕರೆಂಟು ಹೋಗಿ ಮೀನು ಪೂರ್ತಿ ಕರಗಿ ಬೆಚ್ಚಗಾದರೆ ಮತ್ತೆ ಹೆಪ್ಪುಗಟ್ಟಿಸಬಾರದು. ಅಟ್ಟದ ಮೀನಿಗೆ ಕರೆಂಟಿನ ಹಂಗಿರಲಿಲ್ಲ.

ಪೌಷ್ಟಿಕತೆಯ ಲೆಕ್ಕವನ್ನೂ ನೋಡಬೇಕು. ಹಸಿ ಬಿಳಿ ಮೀನಿನ 100 ಗ್ರಾಮಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನು, ಒಂದೆರಡು ಗ್ರಾಂ ಕೊಬ್ಬು; ಬಾಸಾದಲ್ಲಿ ಪ್ರೋಟೀನು ಇನ್ನೂ ಕಡಿಮೆ. ಒಣಗಿದ ಮೀನಿನಲ್ಲಿ ನೀರು ಹೋದ ಕಾರಣ ತೂಕಕ್ಕೆ ತೂಕ ಪ್ರೋಟೀನು ಬಹಳ ಹೆಚ್ಚು. ಮುಳ್ಳಿನ ಸಮೇತ ತಿನ್ನುವ ನೆತ್ತೋಲಿಯಲ್ಲಿ ಸುಣ್ಣದ ಅಂಶವಿದೆ, ಮತ್ತಿಯ ಎಣ್ಣೆಯಲ್ಲಿ ಒಮೆಗಾ-3 ಮತ್ತು ಡಿ ಜೀವಸತ್ವವಿದೆ. ಒಣಮೀನಿನ ಉಪ್ಪು ರಕ್ತದೊತ್ತಡದವರಿಗೆ ಒಳ್ಳೆಯದಲ್ಲ, ನಿಜ. ಆದರೆ ಕಡಲಿನ ಮೀನು ಅಯೋಡಿನ್ನನ್ನೂ ಹೊತ್ತು ತರುತ್ತದೆ. 1962ರಲ್ಲಿ ಭಾರತ ಸರ್ಕಾರ ಗಳಗಂಡದ ವಿರುದ್ಧ ಅಯೋಡಿನ್ ಉಪ್ಪಿನ ಕಾರ್ಯಕ್ರಮ ಶುರುಮಾಡುವ ಎಷ್ಟೋ ಮೊದಲು ಬೆಟ್ಟದವರಿಗೆ ಅದರ ಒಂದು ಮೂಲ ಈ ಒಣಮೀನಾಗಿತ್ತು. ಕೊಳದಲ್ಲಿ ಸಾಕಿದ ಬಿಳಿ ಹೋಳು ಅಷ್ಟು ಅಯೋಡಿನ್ ತರುವುದಿಲ್ಲ.

ಒಣಮೀನಿನ ವಾಸನೆಯನ್ನು ಬಡತನದ ಗುರುತಾಗಿಸಿ, ಬಾಡಿಗೆ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ ಅದಕ್ಕೆ ಮುಖ ಸಿಂಡರಿಸುವುದನ್ನು ನಾನು ಕಂಡಿದ್ದೇನೆ. ವಾಸನೆಯಿಲ್ಲದ ಬಿಳಿ ಮೀನಿಗೆ ಮಾತ್ರ ಎಲ್ಲ ಕಡೆ ಪ್ರವೇಶ. ಅಟ್ಟ ಇದ್ದ ಅಡುಗೆಮನೆಗಳು ಒಂದೊಂದಾಗಿ ಹೋಗುತ್ತಿವೆ. ಯಾವ ಮೀನಿಗೆ ಎಷ್ಟು ಉಪ್ಪು, ಎಷ್ಟು ಬಿಸಿಲು ಎಂದು ಬಲ್ಲವರಿಗೆ ವಯಸ್ಸಾಗಿದೆ. ಕೊಡಗಿನ ಅಡುಗೆಯ ಚರಿತ್ರೆಯನ್ನು ಮುಂದೆ ಬರೆಯುವವರು ಭಾಗಮಂಡಲದಲ್ಲೇ ನಿಲ್ಲದೆ ಇನ್ನೂ ಸ್ವಲ್ಪ ಪಶ್ಚಿಮಕ್ಕೆ ಇಳಿದು, ಅವರನ್ನು ಈಗಲೇ ಕೇಳಿಕೊಳ್ಳಬೇಕು.