ಹಳೆ ಹಾಡು, ಹೊಸ ಟೂರ್

ಹೊಸ ಹಾಡನ್ನೇ ಕಟ್ಟದೆ ವರ್ಷಗಟ್ಟಲೆ ಊರೂರು ಸುತ್ತಿ ಹಳೆಯದನ್ನೇ ನುಡಿಸುವ ಬ್ಯಾಂಡಿಗೆ ಇನ್ನೂ ಜೀವವಿದೆ ಎನ್ನಬಹುದೇ? ರಾಕ್ ಅಭಿಮಾನಿಗಳ ನಡುವೆ ಕಾವು ಆರದೆ ಉಳಿದಿರುವ ವಾದ ಇದು. ಈಗಲ್ಸ್ ತಂಡದ ಕೊನೆಯ ಸ್ಟುಡಿಯೊ ಆಲ್ಬಂ ಬಂದದ್ದು 2007ರಲ್ಲಿ. ಅದರ ವಿದಾಯದ ಪ್ರವಾಸ ಶುರುವಾದದ್ದು 2023ರಲ್ಲಿ. 1993ರ ‘ರಿವರ್ ಆಫ್ ಡ್ರೀಮ್ಸ್’ ಆದ ಮೇಲೆ ಬಿಲ್ಲಿ ಜೋಯಲ್ ಹೊಸ ಪಾಪ್ ಆಲ್ಬಂ ಮಾಡಲಿಲ್ಲ. ಆದರೂ 2014ರಿಂದ 2024ರವರೆಗೆ, ಕೋವಿಡ್ ಕಾಲವೊಂದನ್ನು ಬಿಟ್ಟರೆ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ತಿಂಗಳಿಗೊಂದರಂತೆ ಹಾಡಿದರು, ಜನ ತುಂಬಿ ತುಳುಕಿದರು. 2025ರಲ್ಲಿ ಮತ್ತೆ ಒಂದಾಗಿ ಕಾರ್ಡಿಫ್‌ನಲ್ಲಿ ವೇದಿಕೆ ಹತ್ತಿದ ಒಯಸಿಸ್‌ನ ಕೊನೆಯ ಆಲ್ಬಂ 2008ರದು.

ಇಂಥ ತಂಡಗಳನ್ನು ಒಂದು ಪಕ್ಷದವರು ‘ನಾಸ್ಟಾಲ್ಜಿಯಾ ಆ್ಯಕ್ಟ್’ ಎಂದು ಕರೆದು ಬದಿಗೆ ಸರಿಸುತ್ತಾರೆ. ಟಿಕೆಟ್ ಕೊಂಡವನು ತನ್ನ ಯೌವನದ ಹಾಡು ಕೇಳಲು ಬಂದಿರುತ್ತಾನೆ, ಅದನ್ನು ಕೊಡುವುದರಲ್ಲಿ ತಪ್ಪೇನಿದೆ ಎನ್ನುವುದು ಇನ್ನೊಂದು ಪಕ್ಷ.

ದುಡ್ಡಿನ ದಾರಿ ತಿರುಗಿದ ಬಗೆ

ಎಪ್ಪತ್ತರ ಮತ್ತು ಎಂಬತ್ತರ ದಶಕಗಳಲ್ಲಿ ಟೂರ್ ಎಂದರೆ ಆಲ್ಬಂ ಮಾರುವ ಪ್ರಚಾರ. ಪ್ರವಾಸದಲ್ಲಿ ನಷ್ಟವಾದರೂ ರೆಕಾರ್ಡ್ ಕಂಪನಿಗಳೇ ಮುಂಗಡ ಕೊಟ್ಟು ಬ್ಯಾಂಡನ್ನು ರಸ್ತೆಗಿಳಿಸುತ್ತಿದ್ದವು, ಯಾಕೆಂದರೆ ಕೈತುಂಬ ಹಣ ಬರುತ್ತಿದ್ದದ್ದು ಎಲ್‌ಪಿ, ಕ್ಯಾಸೆಟ್, ಸಿಡಿಗಳಿಂದ. 1999ರಲ್ಲಿ ನ್ಯಾಪ್‌ಸ್ಟರ್ ಬಂದು ಹಾಡುಗಳು ಪುಕ್ಕಟೆ ಸಿಗತೊಡಗಿದ ಮೇಲೆ ಈ ಲೆಕ್ಕ ಬುಡಮೇಲಾಯಿತು. ಮುಂದೆ ಬಂದ ಸ್ಟ್ರೀಮಿಂಗ್ ಹಣ ಕೊಡುತ್ತದೆ ನಿಜ, ಆದರೆ ಒಂದು ಹಾಡನ್ನು ಒಮ್ಮೆ ಕೇಳಿದ್ದಕ್ಕೆ ಸಿಗುವುದು ಒಂದು ಸೆಂಟ್‌ಗಿಂತಲೂ ಕಡಿಮೆ. ಮುಂದೆ ಸಂಗೀತ ನಲ್ಲಿ ನೀರಿನಂತೆ ಹರಿಯಲಿದೆ, ಕಲಾವಿದರ ಕೈಯಲ್ಲಿ ಉಳಿಯುವುದು ವೇದಿಕೆಯೊಂದೇ ಎಂಬರ್ಥದ ಮಾತನ್ನು ಡೇವಿಡ್ ಬೋವಿ 2002ರಲ್ಲೇ ಪತ್ರಿಕೆಯೊಂದಕ್ಕೆ ಹೇಳಿದ್ದರು. ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಅದನ್ನೇ ಹಿಡಿದು ‘ಬೋವಿ ಸಿದ್ಧಾಂತ’ ಎಂದು ಹೆಸರಿಟ್ಟರು.

ಆ ಮಾತು ಎಷ್ಟು ನಿಜವಾಯಿತೆಂದು ತಿಳಿಯಲು ಗನ್ಸ್ ಎನ್ ರೋಸಸ್ ಒಂದೇ ಸಾಕು. ಹಳೆಯ ಸದಸ್ಯರಾದ ಸ್ಲ್ಯಾಶ್ ಮತ್ತು ಡಫ್ ಮೆಕೇಗನ್ ಮರಳಿ ಬಂದ ಮೇಲೆ 2016ರಿಂದ 2019ರವರೆಗೆ ನಡೆದ ಪ್ರವಾಸದಲ್ಲಿ ಟಿಕೆಟ್ ಗಳಿಕೆ 58 ಕೋಟಿ ಡಾಲರ್ ದಾಟಿತು. ಅದರ ಹಿಂದೆ ಹೊಸ ಆಲ್ಬಂ ಇರಲಿಲ್ಲ, ಕೊನೆಯದು 2008ರ ‘ಚೈನೀಸ್ ಡೆಮಾಕ್ರಸಿ’.

ಅಭಿಮಾನಿಗಳ ವಾದದಲ್ಲಿ ಅಷ್ಟಾಗಿ ಬಾರದ ಸಂಗತಿ ಇನ್ನೊಂದಿದೆ. ಹಾಡು ಬರೆದವರಿಗೆ ರೇಡಿಯೊ, ಸಿನಿಮಾ, ಜಾಹೀರಾತು ಎಲ್ಲ ಕಡೆಯಿಂದಲೂ ಮನೆಯಲ್ಲಿ ಕುಳಿತಲ್ಲಿಗೇ ರಾಯಲ್ಟಿ ಬರುತ್ತದೆ. ಬರೆಯದ ಡ್ರಮ್ಮರಿಗೂ ಬೇಸ್ ವಾದಕನಿಗೂ ಆ ಪಾಲಿಲ್ಲ, ಅವರ ಸಂಪಾದನೆಯ ಬಹುಭಾಗ ವೇದಿಕೆಯದು. ಹೀಗಾಗಿ ಒಂದೇ ಬ್ಯಾಂಡಿನೊಳಗೆ ಒಬ್ಬನಿಗೆ ಪ್ರವಾಸ ಬೇಸರ, ಇನ್ನೊಬ್ಬನಿಗೆ ಅದೇ ಅನ್ನ. ‘ದುಡ್ಡಿಗಾಗಿ ಹೊರಟರು’ ಎಂದು ಬೈಯುವ ಮುಂಚೆ ಇದನ್ನು ನೆನೆಯುವುದು ನ್ಯಾಯ.

ಸಿಸ್ಟಮ್ ಆಫ್ ಎ ಡೌನ್: ಹಾಡು ಹುಟ್ಟದ ಮನೆ

ಈ ವಾದ ಅತ್ಯಂತ ನೋವಿನಿಂದ ನಡೆದಿರುವುದು ಲಾಸ್ ಏಂಜಲೀಸ್‌ನ ಸಿಸ್ಟಮ್ ಆಫ್ ಎ ಡೌನ್ ಸುತ್ತ. ನಾಲ್ವರೂ ಆರ್ಮೇನಿಯನ್ ಮೂಲದವರು. 1998ರಿಂದ 2005ರೊಳಗೆ ಐದು ಆಲ್ಬಂ ತಂದರು. 2005ರಲ್ಲಿ ಬಂದ ಎರಡೂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು. ಮರುವರ್ಷ ವಿರಾಮ. 2011ರಲ್ಲಿ ಮತ್ತೆ ಸೇರಿದರು, ಅಲ್ಲಿಂದೀಚೆಗೆ ಆಗಾಗ ಪ್ರವಾಸ ಮಾಡುತ್ತಲೇ ಬಂದರು. ಆರನೆಯ ಆಲ್ಬಂ ಮಾತ್ರ ಬರಲಿಲ್ಲ.

ಕಾರಣ ಸೋಮಾರಿತನವಲ್ಲ. ಗಿಟಾರ್ ವಾದಕ ಡರಾನ್ ಮಲಾಕಿಯನ್ ತಂಡದ ಮುಖ್ಯ ಹಾಡುಕಟ್ಟುಗ. ಸೃಜನಶೀಲ ತೀರ್ಮಾನಗಳಲ್ಲೂ ಹಾಡಿನ ಹಕ್ಕಿನ ಹಣದಲ್ಲೂ ಸಮಪಾಲು ಇದ್ದರೆ ಮಾತ್ರ ಹೊಸ ಆಲ್ಬಂ ಎಂದು ತಾನು ಷರತ್ತು ಇಟ್ಟಿದ್ದನ್ನು ಗಾಯಕ ಸರ್ಜ್ ಟ್ಯಾಂಕಿಯನ್ 2018ರಲ್ಲಿ ಬಹಿರಂಗವಾಗಿ ಬರೆದರು. ಒಮ್ಮತ ಮೂಡಲಿಲ್ಲ. ಅದೇ ವರ್ಷ ಮಲಾಕಿಯನ್ ತಮ್ಮ ಇನ್ನೊಂದು ತಂಡದ ಹೆಸರಿನಲ್ಲಿ ‘ಡಿಕ್ಟೇಟರ್’ ಆಲ್ಬಂ ಹೊರತಂದರು. ಜೊತೆಗೆ ನುಡಿಸಲು ಬರುವವರಿಗೆ ಜೊತೆಗೆ ಕಟ್ಟಲು ಬರುತ್ತದೆ ಎಂದೇನಿಲ್ಲ. ನುಡಿಸುವಾಗ ಎಲ್ಲರಿಗೂ ಒಪ್ಪಿಗೆಯಾದ ಹಾಡು ಎದುರಿಗಿರುತ್ತದೆ, ಕಟ್ಟುವಾಗ ಯಾರ ಮಾತು ನಡೆಯಬೇಕೆಂಬುದನ್ನೇ ಮೊದಲು ತೀರ್ಮಾನಿಸಬೇಕು.

ಆದರೂ ಈ ತಂಡವನ್ನು ನೆನಪಿನ ಅಂಗಡಿ ಎನ್ನಲು ನನಗೆ ಮನಸ್ಸು ಬಾರದು. 2015ರ ಏಪ್ರಿಲ್ 23ರಂದು, ಆರ್ಮೇನಿಯನ್ ನರಮೇಧಕ್ಕೆ ನೂರು ವರ್ಷ ತುಂಬುವ ಮುನ್ನಾದಿನ, ಯೆರೆವಾನಿನ ರಿಪಬ್ಲಿಕ್ ಚೌಕದಲ್ಲಿ ಅವರು ಉಚಿತ ಕಛೇರಿ ಕೊಟ್ಟರು. ನುಡಿಸಿದ್ದು ಹಳೆಯ ಹಾಡುಗಳನ್ನೇ. ಆ ಹಾಡುಗಳು ಯಾರ ಇತಿಹಾಸದಿಂದ ಹುಟ್ಟಿದ್ದವೋ ಅವರ ನಾಡಿನಲ್ಲಿ ಅವು ಮೊದಲ ಸಲ ನಿಂತಿದ್ದವು. 2020ರ ನವೆಂಬರಿನಲ್ಲಿ, ನಗೋರ್ನೊ ಕರಬಾಖ್ ಯುದ್ಧ ನಡೆಯುತ್ತಿದ್ದಾಗ, ಜಗಳ ಬದಿಗಿಟ್ಟು ಎರಡು ಹೊಸ ಹಾಡು ಬಿಡುಗಡೆ ಮಾಡಿ ಬಂದ ಹಣವನ್ನು ಆರ್ಮೇನಿಯಾದ ನೆರವಿಗೆ ಕೊಟ್ಟರು. ಹದಿನೈದು ವರ್ಷಗಳ ಮೌನ ಮುರಿದದ್ದು ಮಾರುಕಟ್ಟೆಯ ಒತ್ತಾಯದಿಂದಲ್ಲ.

ಸೆಟ್‌ಲಿಸ್ಟ್ ಎಂಬ ಅಳತೆಗೋಲು

ಬಿಡುಗಡೆಯ ವರ್ಷ ನೋಡಿ ಬ್ಯಾಂಡನ್ನು ಅಳೆಯುವುದು ದಾರಿ ತಪ್ಪಿಸುತ್ತದೆ. ಗ್ರೇಟ್‌ಫುಲ್ ಡೆಡ್ 1980ರ ಆಲ್ಬಂ ಆದ ಮೇಲೆ 1987ರವರೆಗೆ ಇನ್ನೊಂದು ಸ್ಟುಡಿಯೊ ಆಲ್ಬಂ ತರಲಿಲ್ಲ. ಆದರೆ ಹಾಡುಗಳ ಪಟ್ಟಿ ರಾತ್ರಿಯಿಂದ ರಾತ್ರಿಗೆ ಬೇರೆಯಾಗುತ್ತಿತ್ತು, ಒಂದೇ ಹಾಡು ಒಂದು ದಿನ ಆರು ನಿಮಿಷ, ಇನ್ನೊಂದು ದಿನ ಅದರ ಎರಡರಷ್ಟು. ‘ಟಚ್ ಆಫ್ ಗ್ರೇ’ ಹಾಡನ್ನು 1982ರಿಂದಲೇ ವೇದಿಕೆಯಲ್ಲಿ ಹಾಡುತ್ತಿದ್ದರು. 1987ರಲ್ಲಿ ಧ್ವನಿಮುದ್ರಣವಾಗಿ ಬಂದಾಗ ಅದು ಅಮೆರಿಕದ ಮೊದಲ ಹತ್ತರೊಳಗೆ ಹೋಯಿತು. ಕಛೇರಿಗೆ ಟೇಪ್ ರೆಕಾರ್ಡರ್ ತಂದವರಿಗೆ ತಂಡ ಪ್ರತ್ಯೇಕ ಜಾಗವನ್ನೇ ಬಿಟ್ಟುಕೊಟ್ಟಿತ್ತು. ಅವರಿಗೆ ಹೊಸದು ಸಿಗುತ್ತಿದ್ದದ್ದು ಅಂಗಡಿಯಲ್ಲಲ್ಲ, ಮೈದಾನದಲ್ಲಿ.

ಇಂದಿನ ದೊಡ್ಡ ಪ್ರವಾಸಗಳಿಗೆ ಈ ಸ್ವಾತಂತ್ರ್ಯ ಕಷ್ಟ. ಬೆಳಕು, ಹಿಂದಿನ ವಿಡಿಯೊ ಪರದೆ, ಮೊದಲೇ ಮುದ್ರಿಸಿಟ್ಟ ಹಿನ್ನೆಲೆ ದನಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ತಾಳಕ್ಕೆ ಹೊಂದಿಸಿರುತ್ತಾರೆ, ವಾದಕರ ಕಿವಿಯೊಳಗೆ ತಾಳ ಹೇಳುವ ಕ್ಲಿಕ್ ಟ್ರ್ಯಾಕ್ ಬಡಿಯುತ್ತಿರುತ್ತದೆ. ಒಂದು ಹಾಡು ಬದಲಿಸಬೇಕಾದರೆ ಈ ಇಡೀ ಜೋಡಣೆಯನ್ನು ಬದಲಿಸಬೇಕು. ನಲವತ್ತು ಊರುಗಳಲ್ಲಿ ಅದೇ ಕ್ರಮ, ಅದೇ ಮಾತು, ಅದೇ ಕಡೆಯಲ್ಲಿ ಅದೇ ಪಟಾಕಿ. ನನ್ನ ದೂರು ಇರುವುದು ಇಲ್ಲಿ. ಹಾಡು ಎಷ್ಟು ಹಳೆಯದಾದರೂ ಸರಿ, ಇವತ್ತು ರಾತ್ರಿ ಅದು ತಪ್ಪಿಹೋಗುವ ಸಾಧ್ಯತೆ ಇರಬೇಕು.

ಕೇಳುಗರ ಹೊಣೆಯೂ ಸಣ್ಣದಲ್ಲ. 1971ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಹಳೆಯ ರಾಕ್ ಅಂಡ್ ರೋಲ್ ಉತ್ಸವದಲ್ಲಿ ಹೊಸ ಬಗೆಯ ಹಾಡಿಗೆ ಕೈಹಾಕಿದ ರಿಕ್ ನೆಲ್ಸನ್ ಜನರ ಕೂಗಾಟ ಕೇಳಿ ವೇದಿಕೆ ಇಳಿದರು. ಆ ಅವಮಾನವನ್ನೇ ಅವರು ‘ಗಾರ್ಡನ್ ಪಾರ್ಟಿ’ ಎಂಬ ಹಾಡಾಗಿಸಿದರು, ಮರುವರ್ಷ ಅದೇ ದೊಡ್ಡ ಯಶಸ್ಸು ಕಂಡಿತು.

ಬೆಂಗಳೂರಿನ ಕಿವಿ

ಲಂಡನ್ನಿನವರು ಹತ್ತಾರು ಸಲ ಕೇಳಿ ದಣಿದ ಹಾಡು ಬೆಂಗಳೂರಿಗೆ ಮೊದಲ ಸಲ ಬರುತ್ತದೆ. 2003ರ ಏಪ್ರಿಲ್ 4ರಂದು ಅರಮನೆ ಮೈದಾನಕ್ಕೆ ಬಂದ ರೋಲಿಂಗ್ ಸ್ಟೋನ್ಸ್ ಆಗ ‘ಫಾರ್ಟಿ ಲಿಕ್ಸ್’ ಎಂಬ ಸಂಕಲನದ ಪ್ರವಾಸದಲ್ಲಿತ್ತು. ಅದರ ನಲವತ್ತು ಹಾಡುಗಳಲ್ಲಿ ಹೊಸವು ನಾಲ್ಕೇ. 2007ರ ಮಾರ್ಚ್ 17ರಂದು ಅದೇ ಮೈದಾನದಲ್ಲಿ ಐರನ್ ಮೇಡನ್. ಹಿಂದಿನ ವರ್ಷ ಬೇರೆ ದೇಶಗಳಲ್ಲಿ ಹೊಸ ಆಲ್ಬಮನ್ನು ಆದಿಯಿಂದ ಅಂತ್ಯದವರೆಗೆ ನುಡಿಸಿ ಹಳೆಯ ಅಭಿಮಾನಿಗಳ ಗೊಣಗಾಟ ಕೇಳಿಸಿಕೊಂಡಿದ್ದ ತಂಡ, ಇಲ್ಲಿಗೆ ಬರುವ ಹೊತ್ತಿಗೆ ಹಳೆಯ ಹಾಡುಗಳ ಪಾಲನ್ನು ಹೆಚ್ಚಿಸಿತ್ತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬಂದಾಗ ಅದರ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮಿಗೆ ಮೂರು ವರ್ಷವಾಗಿತ್ತು. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲು ಮಾಡಿಕೊಂಡು ಕೇಳಿ ಬೆಳೆದ ತಲೆಮಾರಿಗೆ ಆ ರಾತ್ರಿಗಳಲ್ಲಿ ಹಳೆಯದು ಎಂಬುದೇ ಇರಲಿಲ್ಲ. ಹೊಸ ಆಲ್ಬಂ ಇಲ್ಲದೆ ಬರಬೇಡಿ ಎನ್ನುವುದು ಎಲ್ಲವನ್ನೂ ಮೊದಲೇ ಪಡೆದ ಊರುಗಳ ಮಾತು.

ಟೂಲ್: ಹದಿಮೂರು ವರ್ಷ

ಹೊಸ ಆಲ್ಬಮಿಗಾಗಿ ಕಾಯುವ ಅಭಿಮಾನಿಗಳ ತಾಳ್ಮೆಯನ್ನು ಟೂಲ್‌ನಷ್ಟು ಪರೀಕ್ಷಿಸಿದವರು ಕಡಿಮೆ. 2006ರ ‘10,000 ಡೇಸ್’ ಆದ ಮೇಲೆ ಪ್ರವಾಸಗಳು ನಡೆದವು, ಆಲ್ಬಂ ಇಲ್ಲ. ವಿಮಾ ಕಂಪನಿಯೊಂದಿಗಿನ ವ್ಯಾಜ್ಯ 2015ರವರೆಗೆ ಎಳೆಯಿತು. ಗಾಯಕ ಮೇನಾರ್ಡ್ ಜೇಮ್ಸ್ ಕೀನನ್ ದ್ರಾಕ್ಷಿತೋಟ ಮತ್ತು ಬೇರೆ ತಂಡಗಳಲ್ಲಿ ತೊಡಗಿದ್ದರು. 2019ರ ಮೇ ತಿಂಗಳಲ್ಲಿ ಫ್ಲಾರಿಡಾದ ಉತ್ಸವವೊಂದರಲ್ಲಿ ಎರಡು ಹೊಸ ಹಾಡು ಮೊದಲ ಬಾರಿಗೆ ಕೇಳಿಬಂದವು. ಆಗಸ್ಟ್ 30ರಂದು ‘ಫಿಯರ್ ಇನಾಕ್ಯುಲಮ್’ ಹೊರಬಂತು, ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇರಿತು. ಅದರ ಹೆಸರಿನದೇ ಹಾಡು ಹತ್ತು ನಿಮಿಷಕ್ಕೂ ಉದ್ದ. ಅಷ್ಟು ಉದ್ದದ ಹಾಡು ಬಿಲ್‌ಬೋರ್ಡ್‌ನ ನೂರು ಹಾಡುಗಳ ಪಟ್ಟಿಗೆ ಸೇರಿದ್ದು ಅದೇ ಮೊದಲು.