ಅಳತೆಗೋಲು ಹಿಡಿದವರ ಅಳತೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಮನೋವಿಜ್ಞಾನಿಗಳನ್ನು ಒಂದು ಪ್ರಶ್ನೆ ಕಾಡಿತು: ನೆರೆಯವನನ್ನು ‘ಅವನು ನಮ್ಮವನಲ್ಲ’ ಎಂದು ದೂರವಿಡುವ ಮನಸ್ಸು ಎಂಥದ್ದು? 1950ರಲ್ಲಿ ಥಿಯೊಡೋರ್ ಅಡಾರ್ನೊ ಮತ್ತು ಮೂವರು ಸಂಗಡಿಗರು ‘ದಿ ಅಥಾರಿಟೇರಿಯನ್ ಪರ್ಸನಾಲಿಟಿ’ ಪ್ರಕಟಿಸಿ, ಅಂಥ ಮನಸ್ಸನ್ನು ಅಳೆಯಲು ‘ಎಫ್ ಮಾಪಕ’ ಕೊಟ್ಟರು. ಅದರ ಹೇಳಿಕೆಗಳೆಲ್ಲ ಒಂದೇ ದಿಕ್ಕಿನವು. ಕೇಳಿದ್ದಕ್ಕೆಲ್ಲ ಹೌದು ಎನ್ನುವ ಸಾಧುವೂ ಅದರಲ್ಲಿ ನಿರಂಕುಶ ಸ್ವಭಾವದವನೆಂದು ಸಿಕ್ಕಿಬೀಳುತ್ತಿದ್ದ. 1954ರಲ್ಲಿ ಸಮಾಜಶಾಸ್ತ್ರಜ್ಞ ಎಡ್ವರ್ಡ್ ಶಿಲ್ಸ್ ಇನ್ನೂ ಇರಿಯುವ ಆಕ್ಷೇಪವೆತ್ತಿದರು: ಎಡಪಂಥದ ನಿರಂಕುಶತೆ ಈ ಮಾಪಕದ ಕಣ್ಣಿಗೇ ಬೀಳುವುದಿಲ್ಲ. ಆದರೆ ಚರ್ಚೆ ಹೆಚ್ಚಾಗಿ ಮಾಪಕದ ರಿಪೇರಿಯತ್ತ ಹೊರಳಿತು. ಅದನ್ನು ಕಟ್ಟಿದವರ ಒಲವು ಬದಿಗುಳಿಯಿತು.

ಪ್ರಶ್ನೆಯ ದಿಕ್ಕು ಬದಲಿಸಿದವರು ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್. ಯಹೂದಿ ಹತ್ಯಾಕಾಂಡದಲ್ಲಿ ಮನೆಯವರನ್ನು ಕಳೆದುಕೊಂಡ ಈ ಪೋಲೆಂಡಿನವರು 1970ರ ಸುಮಾರಿಗೆ ಬ್ರಿಸ್ಟಲ್‌ನ ಶಾಲಾ ಹುಡುಗರನ್ನು ಕಲಾವಿದರಾದ ಕ್ಲೇ, ಕ್ಯಾಂಡಿನ್‌ಸ್ಕಿಯವರಲ್ಲಿ ಯಾರ ಚಿತ್ರ ಇಷ್ಟ ಎಂಬ ನೆಪದಲ್ಲಿ ಎರಡು ಗುಂಪು ಮಾಡಿದರು. ಹಂಚಿಕೆ ನಿಜಕ್ಕೂ ಚೀಟಿ ಎತ್ತಿದಂತೆ. ಆದರೂ ಹಣ ಹಂಚುವಾಗ ಹುಡುಗರು ತಮ್ಮ ಗುಂಪಿನ ಕಡೆ ವಾಲಿದರು. ಎದುರಿನವರಿಗಿಂತ ಮೇಲಿರಲು ತಮ್ಮವರಿಗೆ ಸಿಗುವ ಮೊತ್ತವನ್ನೇ ಕಡಿಮೆ ಮಾಡಿಕೊಳ್ಳಲೂ ಒಪ್ಪಿದರು. ಅಂದರೆ ರೋಗಗ್ರಸ್ತ ಮನಸ್ಸೇ ಬೇಕಿಲ್ಲ, ಗುಂಪೊಂದಿದ್ದರೆ ಸಾಕು. ಹಾಗಿದ್ದರೆ ಪ್ರೊಫೆಸರರಿಗೆ ಮಾತ್ರ ವಿನಾಯಿತಿ ಯಾಕೆ?

ಈ ಪ್ರಶ್ನೆಗೆ ಬಾಯಿ ಬರಲು ಬಹಳ ಕಾಲ ಹಿಡಿಯಿತು. 1975ರಲ್ಲೇ ಒಂದು ಪ್ರಯೋಗ ನಡೆದಿತ್ತು: ಪ್ರತಿಭಟನಾಕಾರ ವಿದ್ಯಾರ್ಥಿಗಳ ಮನಃಸ್ಥಿತಿ ಕುರಿತ ಒಂದೇ ಪ್ರಬಂಧವನ್ನು ಫಲಿತಾಂಶ ಮಾತ್ರ ತಿರುಗಿಸಿ ಪರಿಶೀಲಕರಿಗೆ ಕಳಿಸಿದಾಗ, ಅವರ ರಾಜಕೀಯಕ್ಕೆ ತಕ್ಕಂತೆ ಗುಣಮಟ್ಟದ ತೀರ್ಪೂ ಬದಲಾಯಿತು. ಹೆಚ್ಚು ಸದ್ದಾಗಿದ್ದು 2011ರಲ್ಲಿ. ಸಾಮಾಜಿಕ ಮನೋವಿಜ್ಞಾನಿಗಳ ಸಮ್ಮೇಳನದಲ್ಲಿ ಜೊನಾಥನ್ ಹೈಟ್ ಕೈಯೆತ್ತಿಸಿ ಎಣಿಸಿದಾಗ, ಸುಮಾರು ಸಾವಿರ ಜನರಲ್ಲಿ ಸಂಪ್ರದಾಯವಾದಿಗಳೆಂದು ಕೈಯೆತ್ತಿದವರು ಮೂವರು. ಮರುವರ್ಷ ಯೋಯೆಲ್ ಇನ್ಬಾರ್ ಮತ್ತು ಯೋರಿಸ್ ಲಾಮರ್ಸ್ ಅದೇ ಕ್ಷೇತ್ರದವರನ್ನು ನೇರ ಕೇಳಿದರು: ಸಮಾನ ಅರ್ಹತೆಯ ಇಬ್ಬರು ಅರ್ಜಿ ಹಾಕಿದ್ದು, ಒಬ್ಬರು ಸಂಪ್ರದಾಯವಾದಿ ಎಂದು ಗೊತ್ತಿದ್ದರೆ ಇನ್ನೊಬ್ಬರತ್ತ ವಾಲುವಿರಾ? ಮೂರರಲ್ಲೊಬ್ಬರಿಗಿಂತ ಹೆಚ್ಚು ಜನ ಸ್ವಲ್ಪವಾದರೂ ವಾಲುತ್ತೇವೆ ಎಂದರು. ಪೂರ್ವಗ್ರಹವನ್ನೇ ಕಸುಬಾಗಿ ಅಧ್ಯಯನ ಮಾಡುವವರ ಉತ್ತರವಿದು. ಇದು ಬಾಯಿಮಾತಿನ ಒಲವು, ನಡೆದ ನೇಮಕಾತಿಯ ಲೆಕ್ಕವಲ್ಲ ಎಂಬುದನ್ನೂ ಮರೆಯಬಾರದು.

ನನ್ನ ಮಟ್ಟಿಗೆ ಅಂಥ ಸಮೀಕ್ಷೆಗಳಿಗಿಂತ ಹೆಚ್ಚು ಹೇಳುವುದು 2016ರ ಒಂದು ತಿದ್ದುಪಡಿ. ‘ಅಮೆರಿಕನ್ ಜರ್ನಲ್ ಆಫ್ ಪೊಲಿಟಿಕಲ್ ಸೈನ್ಸ್’ನಲ್ಲಿ 2012ರಲ್ಲಿ ಬಂದ ಪ್ರಬಂಧವೊಂದು, ‘ಸೈಕೋಟಿಸಿಸಂ’ ಎಂಬ ಒರಟು ಗುಣವನ್ನು ಸಂಪ್ರದಾಯವಾದಿಗಳ ತಲೆಗೆ ಕಟ್ಟಿತ್ತು. ಅಸಲಿಗೆ ದತ್ತಾಂಶದಲ್ಲಿ ಎಡ–ಬಲದ ಗುರುತು ಅದಲುಬದಲಾಗಿತ್ತು. ಸಂಬಂಧ ಪೂರ್ತಿ ತಿರುಗುಮುರುಗು. ಪ್ರಬಂಧದ ಮುಖ್ಯ ವಾದಕ್ಕೆ ಧಕ್ಕೆಯಿಲ್ಲ ಎಂದರು ಲೇಖಕರು, ಇರಬಹುದು. ಲೆಕ್ಕ ಯಾರಿಗಾದರೂ ತಪ್ಪುತ್ತದೆ. ಆದರೆ ಅದೇ ಗುಣ ಉದಾರವಾದಿಗಳ ಪಾಲಿಗೆ ಬಂದಿದ್ದರೆ ಕೋಷ್ಟಕವನ್ನು ಮತ್ತೊಮ್ಮೆ ನೋಡದೆ ಯಾರಾದರೂ ನಾಲ್ಕು ವರ್ಷ ಬಿಡುತ್ತಿದ್ದರೇ?

ಓದು ಇಂಥ ಪಕ್ಷಪಾತಕ್ಕೆ ಮದ್ದಾಗುತ್ತದೆ ಎಂಬ ನಂಬಿಕೆಯೂ ಅಲುಗಾಡಿದೆ. ‘ಮೋರ್ ಇನ್ ಕಾಮನ್’ ಸಂಸ್ಥೆಯ 2019ರ ವರದಿಯಲ್ಲಿ ಡೆಮಾಕ್ರಟರು ಹೆಚ್ಚು ಓದಿದಷ್ಟೂ ರಿಪಬ್ಲಿಕನ್ನರ ನಿಲುವುಗಳ ಬಗ್ಗೆ ಅವರ ಊಹೆ ಹೆಚ್ಚು ತಪ್ಪಾಗಿತ್ತು. ರಿಪಬ್ಲಿಕನ್ನರಲ್ಲಿ ಈ ಏರಿಕೆ ಕಾಣಲಿಲ್ಲ. ಓದಿದ ಡೆಮಾಕ್ರಟರ ಗೆಳೆಯರ ಬಳಗದಲ್ಲಿ ಬೇರೆ ಪಕ್ಷದವರೇ ವಿರಳ. ಹಾಗೆಂದು ಎಡವೇ ದೋಷಿ ಎನ್ನುವುದು ಆತುರ. ಪೀಟರ್ ಡಿಟ್ಟೊ ತಂಡ ಅದೇ ವರ್ಷ 51 ಪ್ರಯೋಗಗಳನ್ನು ಒಟ್ಟುಮಾಡಿ ನೋಡಿದಾಗ ಎರಡೂ ಕಡೆಯ ಪಕ್ಷಪಾತ ಹೆಚ್ಚುಕಡಿಮೆ ಸಮನಾಗಿತ್ತು. ರಾಜಕೀಯ ವಾಲಿಕೆಯಿರುವ ಸಂಶೋಧನೆ ಮರುಪರೀಕ್ಷೆಯಲ್ಲಿ ಹೆಚ್ಚು ಸೋಲುತ್ತದೆ ಎಂಬುದಕ್ಕೆ 2020ರ ಅಧ್ಯಯನವೊಂದರಲ್ಲಿ ಪುರಾವೆ ಸಿಗಲಿಲ್ಲ. ಕ್ಷೇತ್ರದ ಎಡವಾಲಿಕೆಯನ್ನು ಎತ್ತಿ ತೋರಿಸುವ ಹೈಟ್ ಕಡೆಯವರು ಇದನ್ನು ಇನ್ನಷ್ಟು ಗಟ್ಟಿಯಾಗಿ ಉಲ್ಲೇಖಿಸಬೇಕಿತ್ತು.

ಹಾಗಾದರೆ ದಾರಿಯೇನು? ತಲೆ ಎಣಿಸಿ ಸಂಪ್ರದಾಯವಾದಿಗಳನ್ನು ಭರ್ತಿ ಮಾಡುವುದಕ್ಕಿಂತ ಎದುರಾಳಿಗಳೇ ಸೇರಿ ಪ್ರಯೋಗ ನಡೆಸುವ ಪದ್ಧತಿ ಕೆಲಸಕ್ಕೆ ಬರುವಂಥದ್ದು. ಯಾವ ಫಲಿತಾಂಶ ಬಂದರೆ ಯಾರ ವಾದ ಸೋತಂತೆ ಎಂದು ಮೊದಲೇ ಬರೆದಿಡಬೇಕು. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಇದನ್ನು ರಾಜಕೀಯದ ಹಂಗಿಲ್ಲದ ಒಂದು ತಕರಾರಿನಲ್ಲಿ ಪ್ರಯತ್ನಿಸಿದ್ದರು. ರಾಲ್ಫ್ ಹರ್ಟ್‌ವಿಗ್ ಎದುರಾಳಿ, ಬಾರ್ಬರಾ ಮೆಲ್ಲರ್ಸ್ ಪಂಚಾಯ್ತಿದಾರರು. 2001ರಲ್ಲಿ ಪ್ರಬಂಧ ಬಂದಾಗಲೂ ಇಬ್ಬರೂ ಪೂರ್ತಿ ಒಪ್ಪಿರಲಿಲ್ಲ. ಮೂವರ ಹೆಸರಿನಲ್ಲೇ ಅದು ಅಚ್ಚಾಯಿತು.