ಬಣ್ಣದ ಪೆಟ್ಟಿಗೆ, ಫಿರಂಗಿ ಬಂಡಿ (ಭಾಗ 4)

ವಿ.ಸಿ. ಫಾರಂ ಗದ್ದೆ ಬದುವಿನಲ್ಲಿ ಕೂತು ವಾಟರ್‌ಕಲರ್ ಹಚ್ಚೋ ಗೆಳೆಯರೇ, ಒಂದು ಪ್ರಶ್ನೆ. ಇನ್ನೂರು ವರ್ಷದ ಹಿಂದೆ ಮೈಸೂರು ಸೀಮೆ ಸುತ್ತುತ್ತಾ ಸ್ಕೆಚ್‌ಬುಕ್ ತುಂಬಿಸಿದವರು ಯಾರು ಗೊತ್ತಾ?

ದಂಡಿನ ಜೊತೆ ಬಂದವರು! 1791–92ರಲ್ಲಿ ಟಿಪ್ಪು ಮೇಲೆ ಯುದ್ಧಕ್ಕೆ ಬಂದ ಕಾರ್ನ್‌ವಾಲಿಸ್ ಸೇನೆಯಲ್ಲಿ ಫಿರಂಗಿ ದಳದ ಲೆಫ್ಟಿನೆಂಟ್ ಜೇಮ್ಸ್ ಹಂಟರ್ ಇದ್ದ. ಕಲಾವಿದ ರಾಬರ್ಟ್ ಹೋಮ್ ಕೂಡ ಜೊತೆಗಿದ್ದ. ಆಗ ಕ್ಯಾಮೆರಾ ಇರಲಿಲ್ಲ. ಕೋಟೆ, ಬೆಟ್ಟ, ದಾರಿ ಕಾಗದಕ್ಕೆ ಇಳಿಸೋದೂ ಯುದ್ಧದ ಕೆಲಸವೇ. ಅದಕ್ಕೇ ಇಂಗ್ಲೆಂಡಿನ ವುಲ್ವಿಚ್ ಮಿಲಿಟರಿ ಅಕಾಡೆಮಿಯಲ್ಲಿ ಚಿತ್ರಕಲೆಯ ಪಾಠ ಇತ್ತು. ವಾಟರ್‌ಕಲರ್‌ಗೆ ಹೆಸರಾದ ಪಾಲ್ ಸ್ಯಾಂಡ್‌ಬಿ ಅಲ್ಲಿ ಮೇಷ್ಟ್ರು.

ಹೋಮ್‌ನ ಮೈಸೂರು ಚಿತ್ರಗಳ ಪುಸ್ತಕ 1794ರಲ್ಲಿ ಬಂತು. ಹಂಟರ್ 1792ರಲ್ಲೇ ತೀರಿಕೊಂಡ. ಅವನ ಚಿತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿದ್ದು 1805ರಲ್ಲಿ. ಪಾಪ, ಅವನು ಅದನ್ನ ನೋಡಲೇ ಇಲ್ಲ.

ಚಿತ್ರಗಳು ಚೆಂದ, ನಿಜ. ಆದ್ರೆ ಅದು ಗೆಲ್ಲೋಕೆ ಬಂದವರ ಕಣ್ಣು. ಕೋಟೆ, ಬೆಟ್ಟ ದೊಡ್ಡದು. ನಮ್ಮ ಜನ ಬೆರಳಷ್ಟು.

ಇವತ್ತಿನ ಈ ಹಸಿರನ್ನಂತೂ ಅವರು ಕಂಡೇ ಇಲ್ಲ. ಕೆ.ಆರ್.ಎಸ್. ನೀರು ಇರ್ವಿನ್ ನಾಲೆಯಲ್ಲಿ ಹರಿದು ಮಂಡ್ಯ ಸೀಮೆ ಬದಲಾಗಿದ್ದು 1930ರ ದಶಕದಲ್ಲಿ. ಅದೇ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ನಮ್ಮ ಫಾರಂ ಹೆಸರಲ್ಲಿರೋ ‘ವಿ.ಸಿ.’

ಹಾಗಾಗಿ ಇದನ್ನ ಬಿಡಿಸೋ ಸರದಿ ನಮ್ಮದು ಕಣ್ರೋ. ಕಳೆ ಕೀಳೋ ಅಕ್ಕನ್ನ ಮೂಲೆಗೆ ತಳ್ಳಬೇಡಿ. ಮೊದಲು ಕೇಳಿ, ಆಮೇಲೆ ಬಿಡಿಸಿ. ಪಕ್ಕದಲ್ಲಿ ಊರು, ಬೆಳೆ, ತಾರೀಕು ಬರೀರಿ. ಬಣ್ಣ ಒಣಗಿದ ಮೇಲೆ ಮೊದಲು ಆ ಅಕ್ಕನಿಗೇ ತೋರಿಸಿ, ಪೋಸ್ಟ್ ಆಮೇಲೆ.

#ವಿಸಿಫಾರಂ #ಮಂಡ್ಯ #ಸ್ಕೆಚ್‌ಬುಕ್